ಗೇಟಿನ ಮುಂದೆ ಒಂದು ತುಂತುರು ಸಂಜೆ

ಗೇಟು ಬಿದ್ದಿತ್ತು. ಸಿಗ್ನಲ್ ಸಿಗದೆ ನಿಂತಿದ್ದ ಗೂಡ್ಸ್ ರೈಲಿನ ಎಂಜಿನ್ ನನ್ನಿಂದ ಹತ್ತು ಮಾರು ದೂರದಲ್ಲಿತ್ತು. ತುಂತುರು ಮಳೆ ಆಗತಾನೇ ಶುರುವಾಗಿತ್ತು. ಸಿಗ್ನಲ್ ಹಸಿರಾಯಿತು, ಎಂಜಿನ್ ಗುಡುಗಿತು, ರೈಲು ಮಾತ್ರ ಕದಲಲಿಲ್ಲ. ‘ಎಂಜಿನ್ನಿಗೆ ತ್ರಾಣ ಸಾಲದು’ ಎಂದರು ಪಕ್ಕದ ಸ್ಕೂಟರಿನವರು. ನಾನೂ ತಲೆಯಾಡಿಸಿದೆ. ಹದಿನೈದು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ಹಾಗೆ ತಲೆಯಾಡಿಸಬಾರದಿತ್ತು.

ಎರಡನೇ ಯತ್ನದಲ್ಲಿ ಎಂಜಿನ್ನಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿದವು. ತ್ರಾಣವಿಲ್ಲದಿದ್ದರೆ ಅವು ತಿರುಗುವುದಾದರೂ ಹೇಗೆ? ಅಲ್ಲಿ ಸಾಲದೆ ಹೋಗಿದ್ದು ಹಿಡಿತ. ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಮುಟ್ಟುವುದು ಸಣ್ಣ ನಾಣ್ಯದಷ್ಟು ಜಾಗದಲ್ಲಿ. ಉರುಳುವಾಗ ಅಡ್ಡಿ ಕಡಿಮೆಯೆಂದೇ ರೈಲು ಅಷ್ಟು ಹೊರೆ ಸಾಗಿಸುತ್ತದೆ. ಎಳೆದು ಹೊರಡಬೇಕಾದಾಗ ಅದೇ ನುಣುಪು ತೊಡಕಾಗುತ್ತದೆ.

ಸುಮ್ಮನೆ ನಿಲ್ಲಲಾರದೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಂಜಿನ್ 120 ಟನ್ ಎನ್ನಿ. ಒಣ ಹಳಿಯ ಮೇಲೆ ಅದು ತನ್ನ ತೂಕದ ಶೇ 30ರಷ್ಟು, ಅಂದರೆ 36 ಟನ್ ಭಾರಕ್ಕೆ ಸಮನಾದ ಬಲದಿಂದ ಎಳೆಯಬಲ್ಲದು. ಒಟ್ಟು ರೈಲು 3,000 ಟನ್. ದಾರಿ 200ಕ್ಕೆ 1ರಂತೆ ಏರಿದ್ದರೆ ಗುರುತ್ವವೊಂದೇ 15 ಟನ್ ಹಿಂದಕ್ಕೆಳೆಯುತ್ತದೆ. ನಿಂತ ರೈಲು ಮೊದಲು ಉರುಳಲು ಟನ್ನಿಗೆ ನಾಲ್ಕು ಕೆಜಿ ಬಲ ಬೇಡಿದರೆ ಇನ್ನೊಂದು 12. ಒಟ್ಟು 27. ಹಳಿ ಒಣಗಿದ್ದರೆ ನಡೆದೀತು. ಹಿಡಿತ ಶೇ 15ಕ್ಕೆ ಇಳಿದರೆ ಕೈಯಲ್ಲಿ ಉಳಿಯುವುದು ಬರೀ 18. ಈ ಲೆಕ್ಕದಲ್ಲಿ ಎಂಜಿನ್ನಿನ ಅಶ್ವಶಕ್ತಿಯ ಮಾತೇ ಬರಲಿಲ್ಲ! ಅದರ ಸ್ವಂತ ಭಾರವೇ ಅದರ ಬಂಡವಾಳ. (ಜಡಿಮಳೆಗಿಂತ ತುಂತುರೇ ಕೆಟ್ಟದ್ದು. ಜಡಿಮಳೆ ಹಳಿಯ ಜಿಡ್ಡನ್ನು ತೊಳೆದುಬಿಡುತ್ತದೆ, ತುಂತುರು ಅದನ್ನು ಕಲಸಿ ಬಳಿಯುತ್ತದೆ.)

ಮೂರನೇ ಸಲ ಚಾಲಕರು ಅವಸರಪಡಲಿಲ್ಲ. ಎಂಜಿನ್ ತುಸು ಹಿಂದೆ ಸರಿದು ಮುಂದಿನ ಡಬ್ಬಿಗಳ ಕೊಂಡಿಗಳನ್ನು ಸಡಿಲಿಸಿತು. ಚಕ್ರದ ಮುಂದಿನ ಕೊಳವೆಯಿಂದ ಹಳಿಯ ಮೇಲೆ ಮರಳು ಸುರಿಯಿತು. ಆಮೇಲೆ ಮೆಲ್ಲನೆ, ತೀರಾ ಮೆಲ್ಲನೆ ಮುಂದಕ್ಕೆ. ಠಣ್... ಠಣ್... ಎಂದು ಕೊಂಡಿಗಳು ಒಂದೊಂದಾಗಿ ಬಿಗಿಯುವ ಸದ್ದು ಹಿಂದಕ್ಕೆ ಓಡಿತು. ಆ ಸಡಿಲಿನಿಂದಾಗಿ ಡಬ್ಬಿಗಳೆಲ್ಲ ಒಮ್ಮೆಗೇ ಎಂಜಿನ್ನಿನ ಮೇಲೆ ಬೀಳುವುದಿಲ್ಲ, ಸರದಿಯಲ್ಲಿ ಬರುತ್ತವೆ. ಅಚ್ಚು ಉಕ್ಕಿನ ಉರುಳೆಗಳ ಮೇಲೆ ತಿರುಗುವ ರೋಲರ್ ಬೇರಿಂಗ್ ಬರುವ ಮುನ್ನ ನಿಂತ ಡಬ್ಬಿಯ ಅಚ್ಚಿನಡಿ ಎಣ್ಣೆ ಹಿಂಡಿಹೋಗಿ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತಿತ್ತು. ಆಗ ಈ ಉಪಾಯ ಇನ್ನಷ್ಟು ಬೇಕಾಗುತ್ತಿತ್ತು. ಆದರೆ ಸ್ವಲ್ಪ ಜೋರಾಗಿ ಎಳೆದರೂ ಹಿಂದೆಲ್ಲೋ ಕೊಂಡಿ ತುಂಡಾದೀತು.

ಕೊನೆಯ ಡಬ್ಬಿ ದಾಟುವಾಗ ಸ್ಕೂಟರಿನವರು ‘ನೋಡಿ, ಕೊನೆಗೂ ತ್ರಾಣ ಬಂತು’ ಎಂದರು. ವಿವರಿಸುವಷ್ಟರಲ್ಲಿ ಗೇಟು ಎದ್ದಿತು. ಹಳಿ ದಾಟುತ್ತಾ ಬಗ್ಗಿ ನೋಡಿದೆ: ಮರಳು ನುಗ್ಗಾಗಿ, ಒದ್ದೆ ಹಿಟ್ಟಿನಂತೆ ಹಳಿಗೆ ಅಂಟಿಕೊಂಡಿತ್ತು.