ಮರಗೆಣಸನ್ನ ಉಳಿಸಿದ ರಬ್ಬರ್ ಮರ

ಸಿಯಾರಾ ರಬ್ಬರ್ ಅಂತ ಒಂದು ಮರ ಇದೆ, ಈಶಾನ್ಯ ಬ್ರೆಜಿಲ್‌ನ ಒಣ ಸೀಮೆದು. ಜರ್ಮನ್ನರು ಈಗಿನ ಟಾಂಜಾನಿಯಾದಲ್ಲಿ ಇದರ ದೊಡ್ಡ ತೋಟಗಳನ್ನೇ ಹಾಕಿದ್ರು, ಆದ್ರೆ ಏಷ್ಯಾದಿಂದ ಅಗ್ಗದ ರಬ್ಬರ್ ಬರೋಕೆ ಶುರುವಾಗಿ 1913ರ ಹೊತ್ತಿಗೆ ಆ ಬಿಸಿನೆಸ್ಸು ನೆಲಕಚ್ಚಿತು. ಮರ ಮಾತ್ರ ಅಲ್ಲೇ ಉಳೀತು. ಇದು ಮರಗೆಣಸಿನ ಕಾಡು ನೆಂಟ, ವೈಜ್ಞಾನಿಕ ಹೆಸರು ಮ್ಯಾನಿಹಾಟ್ ಗ್ಲೇಜಿಯೋವಿ.

ನಮಗೆ ಮರಗೆಣಸು ಅಂದ್ರೆ ಸಬ್ಬಕ್ಕಿ, ಚಿಪ್ಸು. ಆಫ್ರಿಕಾದಲ್ಲಿ ಕೋಟ್ಯಂತರ ಜನರ ದಿನದ ಊಟವೇ ಅದು. ಅಲ್ಲಿ ಮೊಸಾಯಿಕ್ ಅನ್ನೋ ವೈರಸ್ ರೋಗ ಬಿತ್ತು, ಬಿಳಿನೊಣ ಅದನ್ನ ಗಿಡದಿಂದ ಗಿಡಕ್ಕೆ ಹೊತ್ಕೊಂಡು ಹೋಗುತ್ತೆ, ಅದು ಸಾಲದು ಅಂತ ರೋಗದ ಗಿಡದ ಕಡ್ಡಿ ನೆಟ್ಟರೆ ಮುಂದಿನ ಬೆಳೆಗೂ ರೋಗ ಗ್ಯಾರಂಟಿ. 1930ರ ದಶಕದಲ್ಲಿ ಟಾಂಜಾನಿಯಾದ ಅಮಾನಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸ್ಟೋರಿ, ನಿಕಲ್ಸ್ ಅನ್ನೋ ವಿಜ್ಞಾನಿಗಳು ಮರಗೆಣಸನ್ನ ಈ ರಬ್ಬರ್ ಮರದ ಜೊತೆ ಕ್ರಾಸ್ ಮಾಡಿದ್ರು. ಮೊದಲ ತಲೆಮಾರಿನ ಗಿಡಕ್ಕೆ ರೋಗನಿರೋಧಕ ಶಕ್ತಿ ಚೆನ್ನಾಗಿತ್ತು, ಗೆಡ್ಡೆ ಮಾತ್ರ ಸಣಕಲು, ಬರೀ ನಾರು. ಅದಕ್ಕೇ ಮತ್ತೆ ಮತ್ತೆ ಮರಗೆಣಸಿನ ಜೊತೆಗೇ ಕ್ರಾಸ್ ಮಾಡ್ತಾ, ಪ್ರತಿ ಸಲ ರೋಗ ತಡೆಯೋ ಗಿಡಗಳನ್ನ ಮಾತ್ರ ಆರಿಸ್ಕೊಂಡು, ವರ್ಷಗಟ್ಟಲೆ ಕೂತ್ರು. ಈ ತಾಳ್ಮೆಗೆ ಕೈ ಮುಗೀಬೇಕು ಅನ್ಸುತ್ತೆ ನಂಗೆ.

ಆ ಕೆಲಸದ ಬೀಜಗಳು ನೈಜೀರಿಯಾಕ್ಕೆ ಹೋದ್ವು, ಅಲ್ಲಿ 58308 ಅನ್ನೋ ತಳಿ ಸಿಕ್ತು, 1970ರ ದಶಕದಲ್ಲಿ ಅಲ್ಲಿನ ಇಬಾದಾನ್ ಊರಿನ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಕೊರಿಯಾದ ವಿಜ್ಞಾನಿ ಸಾಂಗ್ ಕಿ ಹಾನ್ ಅದನ್ನೇ ಇಟ್ಕೊಂಡು ರೈತರಿಗೆ ಬೇಕಾದ ತಳಿಗಳನ್ನ ಮಾಡಿದ್ರು. ಈಗ ಜೀನೋಮ್, ಅಂದ್ರೆ ಗಿಡದ ಪೂರ್ತಿ ಡಿಎನ್‌ಎ ಓದಿ ನೋಡಿದ್ರೆ ಆಫ್ರಿಕಾದ ಎಷ್ಟೋ ತಳಿಗಳ 1 ಮತ್ತು 4ನೇ ಕ್ರೋಮೋಸೋಮಲ್ಲಿ ಆ ರಬ್ಬರ್ ಮರದ ಡಿಎನ್‌ಎ ತುಂಡುಗಳು ಇವತ್ತಿಗೂ ಇವೆ! ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದವರು ಶ್ರೀ ಪದ್ಮನಾಭ ಅಂತ ಕೊಟ್ಟ ಮೊಸಾಯಿಕ್ ತಡೆಯೋ ತಳಿನೂ ನೈಜೀರಿಯಾದಿಂದಲೇ ತರಿಸಿದ್ದು.

ಇಂಥ ಕಾಡು ನೆಂಟರು ಅಮೆರಿಕಾ ಖಂಡಗಳಲ್ಲಿ ನೂರರ ಹತ್ತಿರ ಇದ್ದಾರೆ. ನಂಗೆ ಚಿಂತೆ ಇರೋದು ಮ್ಯಾನಿಹಾಟ್ ವಾಕರೇ ಬಗ್ಗೆ. ಮರಗೆಣಸು ಕಿತ್ತ ಎರಡು ಮೂರು ದಿನಕ್ಕೇ ಒಳಗೆಲ್ಲ ಕಪ್ಪಾಗಿ ಹಾಳಾಗುತ್ತೆ, ಮಾರ್ಕೆಟ್ ದೂರ ಇದ್ರೆ ರೈತನ ಕಥೆ ಮುಗೀತು, ಆದ್ರೆ ಈ ಗಿಡದ ಜೊತೆ ಕ್ರಾಸ್ ಮಾಡಿದಾಗ ಗೆಡ್ಡೆ ಹಾಳಾಗೋದು ತುಂಬಾ ತಡವಾಯ್ತು. ಗಿಡ ಇರೋದು ದಕ್ಷಿಣ ಟೆಕ್ಸಾಸ್ ಮತ್ತೆ ಪಕ್ಕದ ಮೆಕ್ಸಿಕೋದಲ್ಲಿ ಅಷ್ಟೇ. ಹೊಲಕ್ಕೆ, ಮನೆಗೆ ಅಂತ ಅಲ್ಲಿನ ಕುರುಚಲು ಕಾಡು ಸವರ್ತಾ ಬಂದಿದ್ದಾರೆ, 1991ರಲ್ಲೇ ಅಮೆರಿಕ ಸರ್ಕಾರ ಇದನ್ನ ಅಳಿವಿನಂಚಿನ ಸಸ್ಯ ಅಂತ ಪಟ್ಟಿಗೆ ಸೇರಿಸಿತ್ತು.