ನಮ್ಮೂರ ರೈಲು ನಿಂತಾಗ

2021ರ ಮೇ 26. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಮೈಸೂರಿನಿಂದ ಅಮ್ಮನ ಫೋನ್: "ನಿಮ್ಮೂರಲ್ಲೇ ಅಂತೆ ಕಣೋ, ಹುಷಾರಾಗಿದ್ದೀಯಾ?"

ಅಮೆರಿಕದ ಸ್ಯಾನ್ ಹೋಸೆಯಲ್ಲಿ, ಇಲ್ಲಿಯ ಸಾರಿಗೆ ಸಂಸ್ಥೆ ವಿಟಿಎಯ ರೈಲು ಯಾರ್ಡಿನಲ್ಲಿ ಅಲ್ಲಿಯ ನೌಕರನೇ ಒಂಬತ್ತು ಸಹೋದ್ಯೋಗಿಗಳನ್ನು ಗುಂಡಿಟ್ಟು ಕೊಂದಿದ್ದ. ನಾನು ದಿನಾ ಹತ್ತುತ್ತಿದ್ದ ರೈಲು ಅದು.

ಆಫೀಸ್ ಕರೆಯಲ್ಲಿ ಒಬ್ಬ, ಬಂದೂಕಿನ ಕಾನೂನು ಬಿಗಿಯಾಗಬೇಕು ಎಂದ. ಇನ್ನೊಬ್ಬ, ಇಲ್ಲಿ ಬಿಗಿಯಾಗೇ ಇದೆಯಲ್ಲ ಎಂದ. ನಿಜವೇ. ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜಿನ್ ಮಾರುವುದು ಕ್ಯಾಲಿಫೋರ್ನಿಯಾದಲ್ಲಿ ನಿಷಿದ್ಧ. ಆ ಕೊಲೆಗಾರನ ಹತ್ತಿರ ಅಂಥವೇ ಇದ್ದವು. ಅಂಥ ನಿಷೇಧವಿಲ್ಲದ ಪಕ್ಕದ ರಾಜ್ಯ ನೆವಾಡಾಕ್ಕೆ ಕಾರಲ್ಲಿ ನಾಲ್ಕೈದು ಗಂಟೆ, ಅಷ್ಟೇ.

2022ರ ಜನವರಿಯಲ್ಲಿ ನಗರಸಭೆ, ಕಾರಿನ ಹಾಗೆ ಬಂದೂಕಿಗೂ ವಿಮೆ ಕಡ್ಡಾಯ ಎಂದಿತು. ಸಿಟ್ಟಿನಲ್ಲಿ ಬಂದವನು ವಿಮೆ ನೋಡ್ತಾನಾ? ಆದರೂ ಸುಮ್ನೆ ಕೂರೋದಕ್ಕಿಂತ ವಾಸಿ ಅನಿಸಿತು.

ರೈಲು ಮೂರು ತಿಂಗಳು ಓಡಲಿಲ್ಲ. ಮತ್ತೆ ಹತ್ತಿದ ದಿನ ಚಾಲಕನಿಗೆ ನಮಸ್ಕಾರ ಎನ್ನಲು ಹೋಗಿ, ಬರೀ ತಲೆಯಾಡಿಸಿದೆ.