ಎಫ್‌4 ಒತ್ತಿದರೆ ಮಳೆ: ತೋಟದ ಹಳೆಯ ಕಂಪ್ಯೂಟರಿನ ದುರಸ್ತಿ ದಿನಚರಿ

ಮೇ 10, 2025, ಶನಿವಾರ

ಏಪ್ರಿಲ್ ಕೊನೆಯ ಗುಡುಗು ಮಳೆಯಲ್ಲಿ ಆಲ್ದೂರಿನ ಹತ್ತಿರವಿರುವ ನಮ್ಮ ದೊಡ್ಡಪ್ಪನವರ ಕಾಫಿ ತೋಟದ ಆಫೀಸಿನಲ್ಲಿದ್ದ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಎಂಬ ಭಾಗ ಸುಟ್ಟುಹೋಯಿತು. ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅದು ವಿಂಡೋಸ್ ಎಕ್ಸ್‌ಪಿ ಇದ್ದ ಪೆಂಟಿಯಂ 4 ಯಂತ್ರ. ಪೇಟೆಯ ಅಂಗಡಿಯೊಂದರವರು ಅದರ ಬದಲಿಗೆ 64 ಬಿಟ್‌ನ ವಿಂಡೋಸ್ 7 ಹಾಕಿದ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಕೊಟ್ಟು, ತೋಟದ ಫೋಲ್ಡರನ್ನು ಅದಕ್ಕೆ ನಕಲು ಮಾಡಿ, "ಎಲ್ಲ ಹಾಕಿದ್ದೇವೆ" ಎಂದು ಹೇಳಿ ಕಳುಹಿಸಿದ್ದರು. ಹಾಕಿದ್ದು ನಿಜವೇ ಆಗಿತ್ತು. ಆದರೆ ತೋಟದ ಲೆಕ್ಕ ಇಡುವ ಪ್ರೋಗ್ರಾಮ್ ತೆರೆಯಲು ಹೋದರೆ, ಈ ಫೈಲು ನೀವು ಬಳಸುತ್ತಿರುವ ವಿಂಡೋಸ್ ಆವೃತ್ತಿಗೆ ಹೊಂದುವುದಿಲ್ಲ ಎಂಬ ಸಂದೇಶ ಬಂದು ನಿಲ್ಲುತ್ತಿತ್ತು.

ಈ ಪ್ರೋಗ್ರಾಮನ್ನು 1995ರಲ್ಲಿ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಹುಡುಗನೊಬ್ಬ ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಗಾಗಿ ಫಾಕ್ಸ್‌ಪ್ರೊ 2.6 ಎಂಬ ದತ್ತಾಂಶ ತಂತ್ರಾಂಶದಲ್ಲಿ ಬರೆದುಕೊಟ್ಟಿದ್ದ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರಗಳಿರುವ ಇದರಲ್ಲಿ ಎಫ್‌2 ಹಾಜರಿಗೆ, ಎಫ್‌3 ಕುಯ್ಲಿನ ತೂಕಕ್ಕೆ, ಎಫ್‌4 ಮಳೆಗೆ, ಎಫ್‌5 ವಾರದ ಬಟವಾಡೆಗೆ. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿಕೊಡುತ್ತೇನೆ ಎಂದು ನಾನು ಹೇಳಿದ್ದಕ್ಕೆ ದೊಡ್ಡಪ್ಪ, "ಅದೆಲ್ಲ ನಿಂಗೆ ಚೆಂದ ಕಣೋ. ನಂಗೆ ಎಫ್‌4 ಒತ್ತಿದ್ರೆ ಮಳೆ ಬರ್ಬೇಕು, ಅಷ್ಟೆ" ಎಂದರು. ಎಪ್ಪತ್ತಾರರ ವಯಸ್ಸಿನಲ್ಲಿ ಬೆರಳು ಕಲಿತದ್ದನ್ನು ಬಿಡಿಸುವುದಕ್ಕಿಂತ ಯಂತ್ರವನ್ನು ಒಪ್ಪಿಸುವುದೇ ಸುಲಭವೆಂದು ತೀರ್ಮಾನಿಸಿದೆ.

ಅಂಗಡಿಯಲ್ಲಿ ಯಾರೋ ಪ್ರೋಗ್ರಾಮಿನ ಗುಣಲಕ್ಷಣಗಳಿಗೆ ಹೋಗಿ ವಿಂಡೋಸ್ 95, 98, ಎಕ್ಸ್‌ಪಿ ಎಂದು ಹೊಂದಾಣಿಕೆಯ ಎಲ್ಲ ಆಯ್ಕೆಗಳನ್ನೂ ಒಂದೊಂದಾಗಿ ಪ್ರಯತ್ನಿಸಿದ್ದರಂತೆ. ಆ ಆಯ್ಕೆಗಳು ಪ್ರೋಗ್ರಾಮಿಗೆ ವಿಂಡೋಸಿನ ಆವೃತ್ತಿಯ ಬಗ್ಗೆ ಸುಳ್ಳು ಹೇಳಬಲ್ಲವೇ ಹೊರತು ಇಲ್ಲದ ಭಾಗವನ್ನು ಹುಟ್ಟಿಸಲಾರವು. ಡಾಸ್ ಮತ್ತು 16 ಬಿಟ್ ಪ್ರೋಗ್ರಾಮುಗಳನ್ನು ನಡೆಸುವ ಎನ್‌ಟಿವಿಡಿಎಂ ಎಂಬ ಭಾಗ 32 ಬಿಟ್ ವಿಂಡೋಸಿನಲ್ಲಿ ಮಾತ್ರ ಇದೆ. ಪ್ರೊಸೆಸರು 64 ಬಿಟ್ ವಿಧಾನದಲ್ಲಿ ಓಡುತ್ತಿರುವಾಗ ಎನ್‌ಟಿವಿಡಿಎಂ ಆಧರಿಸಿದ್ದ, ಹಳೆಯ 16 ಬಿಟ್ ಪ್ರೊಸೆಸರಿನಂತೆ ನಡೆದುಕೊಳ್ಳುವ ವರ್ಚುವಲ್ 8086 ಸೌಲಭ್ಯವೇ ಸಿಗುವುದಿಲ್ಲವಾದ್ದರಿಂದ 64 ಬಿಟ್ ವಿಂಡೋಸಿನಲ್ಲಿ ಅದನ್ನು ಕೈಬಿಟ್ಟಿದ್ದಾರೆ.

ಮೇ 11, ಭಾನುವಾರ

ಬೇರೇನನ್ನೂ ಮುಟ್ಟುವ ಮೊದಲು ಹಳೆಯ 40 ಜಿಬಿ ಹಾರ್ಡ್ ಡಿಸ್ಕಿನ ಪೂರ್ತಿ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಬೇಕಿತ್ತು. ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿಗೆ ಹಾಕಿದರೆ ಡಿಸ್ಕ್ ತಿರುಗುವ ಸದ್ದು ಕೇಳುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಡಿಸ್ಕು ಮುಖ್ಯವೋ (ಮಾಸ್ಟರ್) ಅಧೀನವೋ (ಸ್ಲೇವ್) ಎಂದು ತಿಳಿಸುವ ಹಿಂಬದಿಯ ಪುಟ್ಟ ಜಂಪರ್ ಸ್ಲೇವ್ ಸ್ಥಾನದಲ್ಲಿತ್ತು. ಮೊನೆಚಾದ ಚಿಮಟದಿಂದ ಅದನ್ನು ಕಿತ್ತು ಮಾಸ್ಟರ್ ಸ್ಥಾನಕ್ಕೆ ಹಾಕಿದ ಮೇಲೆ ಕಂಡಿತು. ಲಿನಕ್ಸಿನ ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಿ, ಕೆಟ್ಟ ಸೆಕ್ಟರುಗಳಲ್ಲಿ ಸಿಕ್ಕಿಕೊಳ್ಳದೆ ಮುಂದೆ ಸಾಗುವ ಡಿಡಿರೆಸ್ಕ್ಯೂ ಮೂಲಕ ಪ್ರತಿ ತೆಗೆದೆ. ಓದಲಾಗದ ಸೆಕ್ಟರುಗಳು ಕೆಲವು ಇದ್ದವು, ತೋಟದ ಫೋಲ್ಡರಿನಲ್ಲಿ ಒಂದೂ ಇರಲಿಲ್ಲ.

ಫೋಲ್ಡರಿನಲ್ಲಿ ದತ್ತಾಂಶದ ಡಿಬಿಎಫ್ ಫೈಲುಗಳೂ ದಾಖಲೆಗಳನ್ನು ಕ್ರಮವಾಗಿ ಹುಡುಕಲು ನೆರವಾಗುವ ಇಂಡೆಕ್ಸ್ ಫೈಲುಗಳೂ ಇವೆ, ಪ್ರೋಗ್ರಾಮಿನ ಮೂಲ ಬರಹ (ಸೋರ್ಸ್ ಕೋಡ್) ಮಾತ್ರ ಇಲ್ಲ. ಡಿಬಿಎಫ್ ಫೈಲುಗಳು ಲಿಬ್ರೆ ಆಫೀಸಿನಲ್ಲಿ ನೇರವಾಗಿ ತೆರೆದುಕೊಂಡವು. ದಾಖಲೆಗಳನ್ನು ಉಳಿಸುವುದಷ್ಟೇ ಗುರಿಯಾಗಿದ್ದರೆ ಈ ದಿನಚರಿ ಇಲ್ಲಿಗೇ ಮುಗಿಯುತ್ತಿತ್ತು.

ಮೇ 24, ಶನಿವಾರ

ಯಂತ್ರವನ್ನು ಚಿಕ್ಕಮಗಳೂರಿನ ಮನೆಗೆ ತಂದು 32 ಬಿಟ್‌ನ ವಿಂಡೋಸ್ 7 ಹಾಕಿದೆ. ಆವೃತ್ತಿ ಒಂದೇ ಆಗಿದ್ದರೆ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿರುವ ಕೀಲಿಸಂಖ್ಯೆಯೇ ಎರಡು ಬಗೆಗೂ ನಡೆಯುತ್ತದೆ, ಮೆಮೊರಿಯೂ 2 ಜಿಬಿ ಮಾತ್ರ ಇರುವುದರಿಂದ ಕಳೆದುಕೊಂಡದ್ದು ಏನೂ ಇಲ್ಲ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ನಿಂತುಹೋಗಿದೆಯಾದರೂ ತೋಟದ ಆಫೀಸಿನಲ್ಲಿ ಇಂಟರ್ನೆಟ್ ಇಲ್ಲ, ತರುವ ಯೋಚನೆಯೂ ಇಲ್ಲ. ಡಾಸ್‌ಬಾಕ್ಸ್-ಎಕ್ಸ್ ಎಂಬ ಅನುಕರಣ ತಂತ್ರಾಂಶದಲ್ಲಿ ಇದೇ ಪ್ರೋಗ್ರಾಮ್ ನನ್ನ 64 ಬಿಟ್ ಲ್ಯಾಪ್‌ಟಾಪಿನಲ್ಲೂ ಓಡಿತು. ಅದನ್ನು ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದೇನೆ.

ಈ ಬಾರಿ ಪ್ರೋಗ್ರಾಮ್ ತೆರೆದುಕೊಂಡಿತು. ತೆರೆದುಕೊಂಡು, ದತ್ತಾಂಶದ ಫೈಲು ಸಿಗಲಿಲ್ಲವೆಂದು ಹೇಳಿ ಮುಚ್ಚಿಕೊಂಡಿತು. ಹಳೆಯ ಯಂತ್ರದಲ್ಲಿ ಫೋಲ್ಡರ್ ಡಿ ಡ್ರೈವಿನಲ್ಲಿತ್ತು ಮತ್ತು ಆ ದಾರಿಯನ್ನು ಹುಡುಗ ಪ್ರೋಗ್ರಾಮಿನ ಒಳಗೇ ಬರೆದುಬಿಟ್ಟಿದ್ದ. ಈ ಯಂತ್ರದಲ್ಲಿ ಡಿ ಎಂದರೆ ಡಿವಿಡಿ ಡ್ರೈವ್. ಡಿವಿಡಿಗೆ ಝಡ್ ಅಕ್ಷರ ಕೊಟ್ಟು, ಹಾರ್ಡ್ ಡಿಸ್ಕಿನ ಎರಡನೆಯ ಭಾಗವನ್ನು ಡಿ ಮಾಡಿದೆ. ಬಟವಾಡೆಯ ಪರದೆಗೆ ಹೋದಾಗ, ತೆರೆದ ಫೈಲುಗಳು ಹೆಚ್ಚಾದವು ಎಂಬ ಇನ್ನೊಂದು ದೂರು ಬಂತು. ಆ ಪರದೆ ಹಾಜರಿ, ತೂಕ, ಮುಂಗಡ, ಮಳೆ ಎಲ್ಲವನ್ನೂ ಅವುಗಳ ಇಂಡೆಕ್ಸುಗಳೊಂದಿಗೆ ಒಟ್ಟಿಗೆ ತೆರೆಯುತ್ತದೆ. ಡಾಸ್ ಪ್ರೋಗ್ರಾಮುಗಳಿಗೆಂದೇ ಇರುವ ಕಾನ್‌ಫಿಗ್ ಡಾಟ್ ಎನ್‌ಟಿ ಎಂಬ ಫೈಲಿನಲ್ಲಿ ಫೈಲ್ಸ್ ಎಂಬ ಸಾಲಿನ ಮಿತಿಯನ್ನು 99ಕ್ಕೆ ಏರಿಸಿದ ಮೇಲೆ ಅದು ಸುಮ್ಮನಾಯಿತು.

ಪೂರ್ಣ ಪರದೆ ಮಾತ್ರ ದಕ್ಕಲಿಲ್ಲ. ವಿಂಡೋಸ್ ವಿಸ್ತಾದಿಂದೀಚೆಗಿನ ಡಿಸ್‌ಪ್ಲೇ ಡ್ರೈವರುಗಳು ಡಾಸ್ ಪ್ರೋಗ್ರಾಮಿಗೆ ಇಡೀ ಪರದೆಯನ್ನು ಬಿಟ್ಟುಕೊಡುವುದಿಲ್ಲ. ಕಿಟಕಿಯ ಅಕ್ಷರದ ಅಳತೆಯನ್ನು 12 ಕ್ಕೆ 16 ಎಂದು ಆರಿಸಿದರೆ 80 ಅಕ್ಷರಗಳ ಸಾಲು 960 ಚುಕ್ಕೆಗಳಷ್ಟು ಅಗಲವಾಗಿ, 1024 ಚುಕ್ಕೆಗಳ ಅವರ ಮಾನಿಟರಿನಲ್ಲಿ ಅಂಚಿನಿಂದ ಅಂಚಿಗೆ ಹೆಚ್ಚು ಕಡಿಮೆ ತುಂಬಿಕೊಳ್ಳುತ್ತದೆ. ಸುತ್ತ ಉಳಿದ ಡೆಸ್ಕ್‌ಟಾಪನ್ನೂ ಅದೇ ನೀಲಿಗೆ ಬದಲಿಸಿದೆ. ಇದು ದುರಸ್ತಿಯಲ್ಲ, ಕಣ್ಕಟ್ಟು. ದೊಡ್ಡಪ್ಪ ಏನನ್ನೂ ಕೇಳಲಿಲ್ಲ.

ಜೂನ್ 7, ಶನಿವಾರ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಮುದ್ರಣ. ತೋಟದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಇರುವುದು ಹಳೆಯ ಕಾಲದ ಅಗಲವಾದ ಪ್ಯಾರಲಲ್ ಕೇಬಲ್, ಈ ಯಂತ್ರದಲ್ಲಿ ಆ ಪೋರ್ಟ್ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ತಂದು ಜೋಡಿಸಿದಾಗ ನೋಟ್‌ಪ್ಯಾಡಿನಿಂದ ಪುಟ ಬಂತು, ಫಾಕ್ಸ್‌ಪ್ರೊದಿಂದ ಬರಲಿಲ್ಲ. ವಿಂಡೋಸಿಗೆ ಆ ಕೇಬಲ್ ಒಂದು ಯುಎಸ್‌ಬಿ ಪೋರ್ಟ್; ಡಾಸ್ ಪ್ರೋಗ್ರಾಮಿಗೆ ಗೊತ್ತಿರುವುದು ಎಲ್‌ಪಿಟಿ1 ಎಂಬ ಹೆಸರಿನ ಪ್ಯಾರಲಲ್ ಪೋರ್ಟ್ ಒಂದೇ. ಪ್ರಿಂಟರನ್ನು ಹಂಚಿಕೆಗೆ ಬಿಟ್ಟು, ಎಲ್‌ಪಿಟಿ1ಕ್ಕೆ ಹೋಗುವುದನ್ನೆಲ್ಲ ಆ ಹಂಚಿದ ಪ್ರಿಂಟರಿಗೆ ತಿರುಗಿಸುವಂತೆ ನೆಟ್ ಯೂಸ್ ಆದೇಶ ಕೊಡುವುದು ಇದಕ್ಕೆ ಬಲ್ಲವರ ರೂಢಿಯ ಉಪಾಯ. ಪ್ರಿಂಟರನ್ನೂ ಮನೆಗೇ ತರಿಸಿಕೊಂಡಿದ್ದೆ, ಸಲೀಸಾಗಿ ನಡೆಯಿತು. ಇಂದು ತೋಟಕ್ಕೆ ಒಯ್ದು ಮೇಜಿನ ಮೇಲಿಟ್ಟರೆ 53ನೇ ನಂಬರಿನ ದೋಷ, ನೆಟ್‌ವರ್ಕಿನ ಹಾದಿ ಸಿಗಲಿಲ್ಲವೆಂದು.

ಒಂದು ಗಂಟೆ ಕೇಬಲ್ಲನ್ನೇ ಅನುಮಾನಿಸಿದೆ. ತೋಟದ ಗುಮಾಸ್ತರಾದ ರೈಟರು ತಂದುಕೊಟ್ಟ ಕಾಫಿ ಆರುತ್ತಿದ್ದಾಗ, ಮನೆಗೂ ಇಲ್ಲಿಗೂ ಇರುವ ವ್ಯತ್ಯಾಸವೇನೆಂದು ಚೀಟಿಯಲ್ಲಿ ಬರೆಯುತ್ತ ಹೋದೆ: ಅದೇ ಯಂತ್ರ, ಅದೇ ಕೇಬಲ್, ಅದೇ ಪ್ರಿಂಟರ್, ಮನೆಯಲ್ಲಿ ಮಾತ್ರ ರೌಟರಿಗೆ ಹೋಗುವ ತಂತಿ ಸಿಕ್ಕಿಸಿತ್ತು. ಯಂತ್ರ ತನ್ನ ಪ್ರಿಂಟರನ್ನು ತಾನೇ ನೆಟ್‌ವರ್ಕಿನ ಮೂಲಕ ಹುಡುಕಬೇಕಾದ ಈ ಏರ್ಪಾಟಿನಲ್ಲಿ, ತಂತಿಯೇ ಇಲ್ಲದಿದ್ದರೆ ನೆಟ್‌ವರ್ಕೂ ಇಲ್ಲ. ವಿಂಡೋಸಿನ ಜೊತೆಗೇ ಬರುವ ಲೂಪ್‌ಬ್ಯಾಕ್ ಅಡಾಪ್ಟರ್ ಎಂಬ ಸೋಗಿನ ನೆಟ್‌ವರ್ಕ್ ಕಾರ್ಡನ್ನು ಯಂತ್ರಾಂಶ ಸೇರಿಸುವ ಪರದೆಯಿಂದ ಕೈಯಾರೆ ಸೇರಿಸಿ, ಅದಕ್ಕೊಂದು ಸ್ಥಿರ ವಿಳಾಸ ಕೊಟ್ಟ ಮೇಲೆ ಪ್ರಿಂಟರ್ ಕಿರ್ರೆಂದು ಹೊರಟಿತು. ಅಗಲದ ಹಾಜರಿ ಪಟ್ಟಿಗೆ ಅಕ್ಷರಗಳನ್ನು ಒತ್ತೊತ್ತಾಗಿಸುವ 15ನೇ ಸಂಕೇತವೂ ನಡುವೆ ಯಾವ ಡ್ರೈವರಿನ ಕೈಗೂ ಸಿಗದೆ ನೇರವಾಗಿ ಪ್ರಿಂಟರಿಗೆ ತಲುಪಿತು.

ದೊಡ್ಡಪ್ಪ ಒಂದು ಬಟವಾಡೆ ಪಟ್ಟಿಗೆ ಕೀಲಿ ಒತ್ತಿ, ಏನೂ ಆಗದ್ದು ಕಂಡು ಮತ್ತೆ ಒತ್ತಿ, ಇನ್ನೊಮ್ಮೆ ಒತ್ತಿ, ಕೊನೆಗೆ ಮೂರು ಪ್ರತಿ ತೆಗೆದರು. ಡಾಸ್ ಪ್ರೋಗ್ರಾಮ್ ಮುದ್ರಣ ಮುಗಿಯಿತೆಂದು ವಿಂಡೋಸಿಗೆ ತಿಳಿಸುವುದಿಲ್ಲವಾದ್ದರಿಂದ ಅದು 15 ಸೆಕೆಂಡ್ ಕಾದು ನೋಡಿ ಆಮೇಲೆ ಕಳುಹಿಸುತ್ತದೆ. ವಿಂಡೋಸಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಆ ಅವಧಿಯನ್ನು 3 ಸೆಕೆಂಡಿಗೆ ಇಳಿಸಿದ್ದೇನೆ.

ಜೂನ್ 22, ಭಾನುವಾರ

ಎಲ್ಲವೂ ಸರಿಯಾಯಿತೆಂದು ಹೇಳಲು ಹೋದಾಗ ರೈಟರು, "ಎಫ್‌8 ಒಂದು ಬಿಟ್ಟು, ಸಾರ್" ಎಂದರು. ಎಫ್‌8 ಎಂದರೆ ಮಳೆ ಬಂದ ದಿನಗಳಲ್ಲಿ ಕೆಲಸಕ್ಕೆ ಬಂದವರ ಪಟ್ಟಿ. ಅದು ಖಾಲಿ ಬರುತ್ತಿತ್ತು. ನನ್ನ ಕೈಗುಣವೇ ಇರಬೇಕೆಂದು ಗಾಬರಿಯಾಗಿ ಕೇಳಿದರೆ, ಅದು ಇಪ್ಪತ್ತೈದು ವರ್ಷಗಳಿಂದಲೂ ಖಾಲಿಯೇ ಬರುತ್ತಿದೆಯಂತೆ! ಅದು ಕೆಟ್ಟಿದೆಯೆಂದು ದೊಡ್ಡಪ್ಪ ಬಿಟ್ಟುಬಿಟ್ಟಿದ್ದರು.

ಮಳೆಯ ಫೈಲನ್ನು ಲಿಬ್ರೆ ಆಫೀಸಿನಲ್ಲಿ ತೆರೆದು ದಿನಾಂಕದ ಪ್ರಕಾರ ಜೋಡಿಸಿದಾಗ ಮೊದಲ ಸಾಲಿನಲ್ಲಿ ಕಂಡದ್ದು 1900ನೇ ಇಸವಿ. 1903ರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ, 1907ರಲ್ಲಿ ಅದರ ಹಿಂದೆ ಬೇಕಾಗುವ ಬ್ಯಾಕಿಂಗ್ ಮಳೆ, ಇಂಚು ಸೆಂಟುಗಳ ಲೆಕ್ಕ ಸಮೇತ. ನಮ್ಮ ತಾತನೇ ಆಗ ಹುಟ್ಟಿರಲಿಲ್ಲ. ಪ್ರೋಗ್ರಾಮ್ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಕೇಳುತ್ತದೆ, ಫಾಕ್ಸ್‌ಪ್ರೊ ಅದರ ಮುಂದೆ 19 ಎಂದು ತಾನೇ ಸೇರಿಸಿಕೊಳ್ಳುತ್ತದೆ. ಹಾಜರಿಯ ದಿನಾಂಕವನ್ನಾದರೋ ಪ್ರೋಗ್ರಾಮ್ ಕಂಪ್ಯೂಟರಿನ ಗಡಿಯಾರದಿಂದ ಎತ್ತಿಕೊಳ್ಳುವುದರಿಂದ ಅಲ್ಲಿ ಇಸವಿ ಸರಿಯಾಗಿಯೇ ಇದೆ. ಹೀಗಾಗಿ ಮಳೆ 1903ರಲ್ಲಿ ಸುರಿದು, ಆಳುಗಳು 2003ರಲ್ಲಿ ಬಂದರೆ ಎಫ್‌8ಕ್ಕೆ ಎರಡೂ ಕೂಡಿದ ದಿನ ಯಾವುದೂ ಸಿಗುವುದಿಲ್ಲ. ಪರದೆಯ ಮೇಲೆ ಎರಡೂ 03 ಎಂದೇ ಕಾಣುವುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಮಳೆಯ ಪಟ್ಟಿಯಲ್ಲಿ 95ರಿಂದ 99ರ ವರ್ಷಗಳು 25ರ ನಂತರ ಬರುವುದನ್ನು ದೊಡ್ಡಪ್ಪ ಗಮನಿಸಿದ್ದರು. ಹಳೆಯದನ್ನು ಹಿಂದೆ ಹಾಕುವುದು ಕಂಪ್ಯೂಟರಿನ ಕ್ರಮವೆಂದು ತಿಳಿದಿದ್ದರು.

ಹಾಜರಿಯಲ್ಲೂ ಒಂದು ಗಂಟು ಇತ್ತು. ಹಳೆಯ ಯಂತ್ರದ ಗಡಿಯಾರವನ್ನು ನಡೆಸುವ ಸಿಆರ್2032 ಸೆಲ್ ಸತ್ತಾಗಲೆಲ್ಲ ಗಡಿಯಾರ 2002ರ ಜನವರಿ 1ಕ್ಕೆ ಹಾರುತ್ತಿತ್ತು, ಹಾಗಾಗಿ ಆ ಒಂದೇ ದಿನ ಒಬ್ಬಳೇ ಹೆಂಗಸು ಐದು ಸಲ ಕೆಲಸಕ್ಕೆ ಬಂದದ್ದಾಗಿ ದಾಖಲಾಗಿದೆ. ಡಿಬಿಎಫ್‌ನಲ್ಲಿ ಹೊಸ ದಾಖಲೆ ಯಾವಾಗಲೂ ಕೊನೆಗೇ ಸೇರುವುದರಿಂದ, ಹಿಂದಿನ ಮತ್ತು ಮುಂದಿನ ದಾಖಲೆಗಳ ದಿನಾಂಕ ನೋಡಿ ನಡುವಿನ ಐದನ್ನೂ ಸರಿಯಾದ ದಿನಗಳಿಗೆ ಕೂರಿಸಲು ಸಾಧ್ಯವಾಯಿತು.

ಜುಲೈ 5, ಶನಿವಾರ

ಮೂಲ ಬರಹ ಇಲ್ಲದ್ದರಿಂದ ಪ್ರೋಗ್ರಾಮನ್ನು ತಿದ್ದುವಂತಿಲ್ಲ, ದತ್ತಾಂಶವನ್ನು ತಿದ್ದಬಹುದು. 95ಕ್ಕಿಂತ ಚಿಕ್ಕ ಇಸವಿಗಳ 19ನ್ನು 20 ಮಾಡುವ ಪುಟ್ಟ ಸ್ಕ್ರಿಪ್ಟೊಂದನ್ನು ಪೈಥಾನಿನಲ್ಲಿ ಬರೆದೆ. ವಿಂಡೋಸ್ 7ಕ್ಕೆ ಹೊಂದುವ ಕೊನೆಯ ಪೈಥಾನ್ 3.8, ಅದನ್ನು ಮರೆತು ಪೆನ್‌ಡ್ರೈವಿನಲ್ಲಿ ಅದಕ್ಕಿಂತ ಹೊಸದನ್ನು ಒಯ್ದಿದ್ದರಿಂದ ಆಲ್ದೂರಿಗೆ ಒಂದು ಓಡಾಟ ವ್ಯರ್ಥವಾಯಿತು. ಮೊದಲ ಪ್ರಯತ್ನದಲ್ಲಿ ದಿನಾಂಕಗಳೆಲ್ಲ ಒಂದು ಅಕ್ಷರದಷ್ಟು ಜರುಗಿ ಅರ್ಥವಿಲ್ಲದ ಅಂಕಿಗಳಾಗಿ ಕಂಡವು. ಡಿಬಿಎಫ್‌ನ ಪ್ರತಿ ದಾಖಲೆಯ ಮೊದಲಲ್ಲಿ, ಆ ದಾಖಲೆಯನ್ನು ಅಳಿಸಲಾಗಿದೆಯೇ ಇಲ್ಲವೇ ಎಂದು ತಿಳಿಸುವ ಒಂದು ಬೈಟ್ ಇರುತ್ತದೆ. ಖಾಲಿ ಜಾಗವಿದ್ದರೆ ಜೀವಂತ, ನಕ್ಷತ್ರವಿದ್ದರೆ ಅಳಿಸಿದ್ದು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪ್ರತಿಯ ಮೇಲೆ ಕೆಲಸ ಮಾಡುತ್ತಿದ್ದೆನಾದ್ದರಿಂದ ನಷ್ಟವೇನೂ ಆಗಲಿಲ್ಲ.

ಇಂದು ಮಧ್ಯಾಹ್ನ ಸ್ಕ್ರಿಪ್ಟನ್ನು ಮೂಲ ಫೈಲಿನ ಮೇಲೆ ಓಡಿಸಿ, ಪ್ರೋಗ್ರಾಮಿನ ಮೆನುವಿನಲ್ಲೇ ಇದ್ದ ಮರುಇಂಡೆಕ್ಸ್ ಆಯ್ಕೆಯನ್ನು ಒತ್ತಿ, ಎಫ್‌8ಕ್ಕೆ 2019ರ ಆಗಸ್ಟ್ ಕೊಟ್ಟೆ. ಹೊರಗೆ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ರಿಬ್ಬನ್ ಮಾಸಿದ್ದರಿಂದ ದೊಡ್ಡಪ್ಪ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಕೆಲಸಗಾರರ ಲೈನ್ ಮನೆಯ ಹಿಂದಿನ ಮಣ್ಣಿನ ಬರೆ ಕುಸಿದ ವಾರದಲ್ಲಿ ನಾಲ್ಕೇ ಹೆಸರುಗಳಿದ್ದವು. "ಈ ನಾಲ್ಕು ಜನಕ್ಕೆ ಆವತ್ತು ಏನು ಕೊಟ್ಟೆ ಅಂತ ಎಫ್‌5ರಲ್ಲಿ ನೋಡು" ಎಂದರು.

ಹೊಸದಾಗಿ ಬೆರಳಚ್ಚು ಮಾಡುವ ಮಳೆ ಈಗಲೂ 1925ಕ್ಕೇ ಹೋಗುತ್ತದೆ. ಆದ್ದರಿಂದ ಯಂತ್ರ ಚಾಲೂ ಆದಾಗಲೆಲ್ಲ ಸ್ಕ್ರಿಪ್ಟ್ ತಾನಾಗಿ ಓಡುವಂತೆ ಮಾಡಿದ್ದೇನೆ, ಮರುಇಂಡೆಕ್ಸ್ ಒತ್ತುವ ಕೆಲಸವನ್ನು ರೈಟರಿಗೆ ವಹಿಸಿದ್ದೇನೆ. ಮುಂದಿನ ಸಲ ಬರುವಾಗ ಎರಡು ರಿಬ್ಬನ್ ಮತ್ತು ಒಂದು ಸಿಆರ್2032 ಸೆಲ್ ತರಬೇಕು.